ಮದುವೆಯೋ, ಸೆಮಿನರಿಯೋ? ದೈವಕರೆಯನ್ನು ಅರಿತುಕೊಳ್ಳುವ ಬಗೆ

ನಮ್ಮ ಧರ್ಮಕೇಂದ್ರದಲ್ಲಿ (ಪ್ಯಾರಿಷ್) ಮದುವೆ ಪೂರ್ವ ತರಬೇತಿ ನಡೆಯುತ್ತಿತ್ತು. ಚಹಾದ ಬಿಡುವಿನಲ್ಲಿ ಒಬ್ಬ ಹುಡುಗ ನನ್ನನ್ನು ಪಕ್ಕಕ್ಕೆ ಕರೆದ. ಕೈಯಲ್ಲಿದ್ದ ಲೋಟದ ಚಹಾ ಕೆನೆಗಟ್ಟಿತ್ತು, ಒಂದು ಗುಟುಕೂ ಕುಡಿದಿರಲಿಲ್ಲ. "ಅಣ್ಣ, ಇನ್ನು ಐದು ವಾರಕ್ಕೆ ಮದುವೆ. ಪತ್ರಿಕೆ ಹಂಚಿ ಆಗಿದೆ. ಆದ್ರೆ ನಾನು ಸೆಮಿನರಿಗೆ ಹೋಗ್ಬೇಕಿತ್ತೇನೋ ಅಂತ ರಾತ್ರಿಯೆಲ್ಲಾ ಅನ್ಸುತ್ತೆ" ಅಂದ. ಸೆಮಿನರಿ ಎಂದರೆ ಕ್ರೈಸ್ತ ಗುರುವಾಗಲು, ಅಂದರೆ ಪಾದ್ರಿಯಾಗಲು, ತರಬೇತಿ ಪಡೆಯುವ ಗುರುಮಠ. ಹತ್ತನೇ ಕ್ಲಾಸಿನಿಂದ ಒಳಗೇ ಇಟ್ಟುಕೊಂಡಿದ್ದ ಮಾತು. ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ.

ಅವನ ವಿಷಯಕ್ಕೆ ಮುಂದೆ ಬರುತ್ತೇನೆ. ಈ ಬರಹ ಅವನಿಗಿಂತ ಮೂರ್ನಾಲ್ಕು ವರ್ಷ ಹಿಂದೆ ನಿಂತಿರುವವರಿಗಾಗಿ. ಪಿಯುಸಿಯೋ ಡಿಗ್ರಿಯೋ ಮುಗಿಸಿ, ಭಾನುವಾರದ ಪೂಜೆಯಲ್ಲಿ ಒಮ್ಮೊಮ್ಮೆ ಪೀಠದ ಕಡೆ ನೋಡುತ್ತಾ 'ನಾನೂ ಅಲ್ಲಿ?' ಅಂದುಕೊಳ್ಳುವ ಹುಡುಗರಿಗೆ, ಕಾನ್ವೆಂಟಿನ ಗೇಟು ದಾಟುವಾಗ ನಡಿಗೆ ನಿಧಾನವಾಗುವ ಹುಡುಗಿಯರಿಗೆ. ನಾನು ಕಥೋಲಿಕ. ಪಿಯುಸಿ ಆದಮೇಲೆ ಸೆಮಿನರಿ ಸೇರಿ, ನಾಲ್ಕು ವರ್ಷ ಇದ್ದು, ಹೊರಬಂದು ಮದುವೆಯಾದವನು. ನನಗೆ ಗಟ್ಟಿಯಾಗಿ ಗೊತ್ತಾಗಿರುವುದು ಒಂದೇ. ಕರೆ ಅನ್ನುವುದು ಕೂತಲ್ಲೇ ಯೋಚಿಸಿದರೆ ತಿಳಿಯುವಂಥದ್ದಲ್ಲ. ಯಾರ ಒತ್ತಾಯವೂ ಇಲ್ಲದೆ ಸ್ವಲ್ಪ ದೂರ ನಡೆದು ನೋಡಿದವರಿಗೆ ಮುಂದಿನ ಹೆಜ್ಜೆಯಷ್ಟು ಕಾಣುತ್ತದೆ.

ಮೊದಲು: 'ಕರೆ' ಎಂಬ ಮಾತಿನ ಅರ್ಥ ಸರಿಮಾಡಿಕೊಳ್ಳಿ

ಪಾಸ್ಖ (ಈಸ್ಟರ್) ಕಾಲದ ನಾಲ್ಕನೇ ಭಾನುವಾರ, ಒಳ್ಳೆಯ ಕುರಿಗಾಹಿಯ ಭಾನುವಾರ, ಕಥೋಲಿಕ ಧರ್ಮಸಭೆ (ಚರ್ಚ್) 1964ರಿಂದ ಪ್ರತಿ ವರ್ಷ ದೈವಕರೆಗಾಗಿ ಪ್ರಾರ್ಥಿಸುತ್ತಾ ಬಂದಿದೆ. ಆವತ್ತು ನಮ್ಮ ಕಣ್ಣ ಮುಂದೆ ಬರುವುದು ಬಿಳಿ ನಿಲುವಂಗಿ, ಸಿಸ್ಟರ್‌ಗಳ ಮುಸುಕು, ಅಷ್ಟೇ. ಬಿಷಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ (1962–65) ಹೇಳಿದ್ದು ಇದಕ್ಕಿಂತ ದೊಡ್ಡದು: ಜ್ಞಾನಸ್ನಾನ (ಬ್ಯಾಪ್ಟಿಸಮ್) ಪಡೆದ ಪ್ರತಿಯೊಬ್ಬರಿಗೂ ಪಾವಿತ್ರ್ಯದ ಕರೆ ಇದೆ. ಆ ಒಂದೇ ಕರೆಗೆ ಒಬ್ಬರು ಮದುವೆಯಲ್ಲಿ ಓಗೊಡುತ್ತಾರೆ, ಇನ್ನೊಬ್ಬರು ಗುರುದೀಕ್ಷೆಯಲ್ಲಿ, ಮತ್ತೊಬ್ಬರು ಮಠದಲ್ಲಿ. ಸಂತ ಪೌಲರೂ ಕೊರಿಂಥದವರಿಗೆ ಬರೆದ ಮೊದಲನೇ ಪತ್ರದ ಏಳನೇ ಅಧ್ಯಾಯದಲ್ಲಿ ತಮ್ಮ ಹಾಗೆ ಒಂಟಿಯಾಗಿರುವುದನ್ನು ಮೆಚ್ಚಿ ಮಾತಾಡುತ್ತಲೇ, ಒಬ್ಬೊಬ್ಬರಿಗೆ ಒಂದೊಂದು ವರ ಎನ್ನುತ್ತಾರೆ.

ಫ್ರಾನ್ಸಿನ ಲೂಯಿ ಮಾರ್ಟಿನ್ ಮತ್ತು ಝೆಲಿ ಅವರ ಬದುಕು ಗೊತ್ತಿದ್ದರೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಲೂಯಿ ಗಡಿಯಾರ ರಿಪೇರಿ ಮಾಡುವವರು. ಮಠ ಸೇರಲು ಹೋದರೆ ಲ್ಯಾಟಿನ್ ಬಾರದು ಎಂದು ವಾಪಸ್ಸು ಕಳಿಸಿದರು. ಝೆಲಿ ಕಾನ್ವೆಂಟಿನ ಬಾಗಿಲು ತಟ್ಟಿದರೆ ಅಲ್ಲೂ ಆಗುವುದಿಲ್ಲ ಎಂದರು. ಇಬ್ಬರೂ 1858ರಲ್ಲಿ ಅಲಾನ್ಸೋನ್ ಪಟ್ಟಣದಲ್ಲಿ ಮದುವೆಯಾದರು. ಆದಮೇಲೂ ಸುಮಾರು ಹತ್ತು ತಿಂಗಳು ಅಣ್ಣ-ತಂಗಿಯರ ಹಾಗೆ ಬಾಳಿದರು, ಮದುವೆಯೊಳಗೇ ಮಠ ಕಟ್ಟುವವರಂತೆ. ಪಾಪನಿವೇದನೆ ಕೇಳುವ ಗುರುಗಳು ಬುದ್ಧಿ ಹೇಳಿದ ಮೇಲೆ ಸಂಸಾರ ಶುರುವಾಯಿತು. ಒಂಬತ್ತು ಮಕ್ಕಳಾದವು, ನಾಲ್ವರು ಎಳವೆಯಲ್ಲೇ ತೀರಿಕೊಂಡರು. ಉಳಿದ ಐವರಲ್ಲಿ ಕಿರಿಯಳೇ ಲಿಸ್ಯೂವಿನ ಸಂತ ತೆರೇಸಾ. ಆ ದಂಪತಿಯನ್ನು 2015ರ ಅಕ್ಟೋಬರ್ 18ರಂದು ಪೋಪ್ ಫ್ರಾನ್ಸಿಸ್ ಒಟ್ಟಿಗೇ ಸಂತರೆಂದು ಸಾರಿದರು. ಸೆಮಿನರಿ ಸಿಗಲಿಲ್ಲ ಎಂದು ಮದುವೆಯನ್ನು ಎರಡನೇ ದರ್ಜೆಯ ಟಿಕೆಟ್ಟಿನಂತೆ ಹಿಡಿದುಕೊಂಡು ಹೋಗುವವರನ್ನು ಕಂಡಾಗಲೆಲ್ಲ ನನಗೆ ಈ ಇಬ್ಬರ ನೆನಪಾಗುತ್ತದೆ.

ಒಂದನೇ ಹೆಜ್ಜೆ: ಈ ಆಸೆ ಯಾರದು?

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಮೊಬೈಲ್ ಬೇಡ. ಮೊದಲ ಪುಟದಲ್ಲಿ ಒಂದೇ ಪ್ರಶ್ನೆ ಬರೆಯಿರಿ: ನಾನು ಈ ದಾರಿ ಹಿಡಿಯಲಿಲ್ಲ ಅಂದರೆ ಯಾರಿಗೆ ಬೇಸರವಾಗುತ್ತದೆ? ಬಂದ ಹೆಸರುಗಳನ್ನೆಲ್ಲ ಬರೆಯಿರಿ. ನನ್ನ ಪಟ್ಟಿಯಲ್ಲಿ ಮೊದಲ ಹೆಸರು ಅವ್ವನದು. ನಾನು ಹೊಟ್ಟೆಯಲ್ಲಿದ್ದಾಗ ಅವಳಿಗೆ ಕಾಯಿಲೆಯಾಗಿ, ಮಗು ಉಳಿದರೆ ದೇವರಿಗೇ ಕೊಡ್ತೀನಿ ಎಂದು ಹರಕೆ ಹೊತ್ತಿದ್ದಳಂತೆ. ನಮ್ಮ ಮನೆಗಳಲ್ಲಿ ಇಂಥ ಹರಕೆ ಹೊಸದೇನಲ್ಲ. ಅವ್ವನ ಭಕ್ತಿಯನ್ನು ನಾನು ಇವತ್ತಿಗೂ ಗೌರವಿಸುತ್ತೇನೆ. ಆದರೆ ತಾಯಿ ತನ್ನ ಹರಕೆಯನ್ನು ತಾನು ತೀರಿಸಬಹುದು, ಮಗನ ಬದುಕಿನಿಂದ ತೀರಿಸಲು ಬರುವುದಿಲ್ಲ. ಧರ್ಮಸಭೆಯ ಕಾನೂನು ಈ ವಿಷಯದಲ್ಲಿ ಬಿಗಿಯಾಗಿದೆ. ಒತ್ತಾಯ ಮಾಡಿ ಯಾರಿಗೂ ದೀಕ್ಷೆ ಕೊಡಿಸಕೂಡದು, ಯೋಗ್ಯನಾದವನನ್ನು ತಡೆಯಲೂಕೂಡದು. ಮದುವೆಯೂ ಅಷ್ಟೇ: ಬಲವಂತಕ್ಕೋ ದೊಡ್ಡ ಭಯಕ್ಕೋ ಒಳಗಾಗಿ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ, ಆ ಮದುವೆ ಸಿಂಧುವಲ್ಲ.

ಎರಡನೇ ಪುಟದಲ್ಲಿ ಇನ್ನೊಂದು ಪ್ರಶ್ನೆ: ನಾನು ಯಾವುದರಿಂದ ಓಡಿಹೋಗುತ್ತಿದ್ದೇನೆ? ಪ್ರೀತಿಸಿದ ಹುಡುಗಿ ಬೇರೆಯವನನ್ನು ಕಟ್ಟಿಕೊಂಡಳು, ಕೆಲಸ ಸಿಗಲಿಲ್ಲ, ಅಪ್ಪನ ಕುಡಿತ ನೋಡಿ ಸಂಸಾರವೆಂದರೇ ಹೆದರಿಕೆ, ಅಕ್ಕನ ಗಂಡನ ಮನೆಯ ಕಾಟ ಕಂಡು ಕಾನ್ವೆಂಟೇ ವಾಸಿ ಅನಿಸಿದೆ. ಇವೆಲ್ಲ ನಿಜವಾದ ನೋವುಗಳೇ. ಆದರೆ ಇವುಗಳಲ್ಲಿ ಯಾವುದೂ ಕರೆಯಲ್ಲ. ಅತ್ತ ಕಡೆಯಿಂದಲೂ ಇದನ್ನೇ ಕೇಳಿಕೊಳ್ಳಬೇಕು. ಒಂಟಿತನ ತಾಳಲಾರದೆ, ನೆಂಟರ ಬಾಯಿ ಮುಚ್ಚಿಸಲೆಂದು ಆಗುವ ಮದುವೆಗಳು ಎಷ್ಟಿಲ್ಲ?

ಎರಡನೇ ಹೆಜ್ಜೆ: ಆರು ತಿಂಗಳ ನೋಟ್‌ಬುಕ್

ಅವಸರ ಮಾಡದೆ ಓದಿ. ಉಳಿದದ್ದೆಲ್ಲ ಈ ಹೆಜ್ಜೆಯ ಮೇಲೆ ನಿಂತಿದೆ.

1521ರಲ್ಲಿ ಸ್ಪೇನಿನ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ಬಡಿದು ಇನಿಗೋ ಎಂಬ ಸೈನಿಕನ ಕಾಲು ಮುರಿಯಿತು. ಲೊಯೋಲಾದ ಮನೆಯಲ್ಲಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದ. ಹೊತ್ತು ಹೋಗಲು ವೀರರ ಕಥೆಪುಸ್ತಕ ಕೇಳಿದರೆ ಮನೆಯಲ್ಲಿದ್ದದ್ದು ಕ್ರಿಸ್ತರ ಜೀವನ ಮತ್ತು ಸಂತರ ಚರಿತ್ರೆ ಮಾತ್ರ. ಓದಿ ಬೇಸರವಾದಾಗ ಒಬ್ಬ ದೊಡ್ಡ ಮನೆತನದ ಹೆಂಗಸಿನ ಮೆಚ್ಚುಗೆ ಗಳಿಸುವ ಹಗಲುಗನಸು ಕಾಣುತ್ತಿದ್ದ. ಇನ್ನೊಮ್ಮೆ ಅಸಿಸಿಯ ಸಂತ ಫ್ರಾನ್ಸಿಸರ ಹಾಗೆ ಬದುಕುವ ಕನಸು. ಎರಡೂ ಕಾಣುವಾಗ ಸವಿಯೇ. ವ್ಯತ್ಯಾಸ ಆಮೇಲೆ ತಿಳಿಯಿತು: ಮೊದಲನೆಯದು ಮುಗಿದ ಮೇಲೆ ಮನಸ್ಸು ಒಣಗುತ್ತಿತ್ತು, ಎರಡನೆಯದು ಮುಗಿದ ಮೇಲೂ ತಣ್ಣಗೆ ಉಳಿಯುತ್ತಿತ್ತು. ಆ ಸೈನಿಕನೇ ಮುಂದೆ ಯೇಸುಸಭೆ ಕಟ್ಟಿದ ಸಂತ ಇಗ್ನೇಷಿಯಸ್. ಇವತ್ತಿಗೂ ಕರೆಯನ್ನು ಗುರುತಿಸುವವರು ಹಿಡಿಯುವುದು ಆ 'ಆಮೇಲೆ'ಯನ್ನೇ.

ಮಾಡಬೇಕಾದದ್ದು ಇಷ್ಟು. ಬೆಳಗ್ಗೆ 20 ನಿಮಿಷ, ಆ ದಿನದ ಶುಭಸಂದೇಶ (ಬೈಬಲಿನ ಯೇಸುಚರಿತ್ರೆಯ ಭಾಗ) ಓದಿ ಸುಮ್ಮನೆ ಕೂರಿ. ಬೇಡಿಕೆಗಳ ಪಟ್ಟಿ ಬೇಡ. ರಾತ್ರಿ ಮಲಗುವ ಮುಂಚೆ 10 ನಿಮಿಷ ದಿನವನ್ನು ಹಿಂದಿರುಗಿ ನೋಡಿ. ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಯಿರಿ: ಏನು ನಡೆಯಿತು, ಆಮೇಲೆ ಒಳಗೆ ಏನು ಉಳಿಯಿತು. ವಾರಕ್ಕೊಮ್ಮೆಯಾದರೂ ಭಾನುವಾರವಲ್ಲದ ದಿನ ಪೂಜೆಗೆ ಹೋಗಿ, ತಿಂಗಳಿಗೊಮ್ಮೆ ಪಾಪನಿವೇದನೆ ಮಾಡಿ.

ನನ್ನ ಹಳೇ ನೋಟ್‌ಬುಕ್ಕಿನ ಎರಡು ಸಾಲು ಇಲ್ಲಿವೆ. "ಭಾನುವಾರ. ಹೊಸ ಗುರುಗಳ ಪ್ರಥಮ ಪೂಜೆ. ಜನ ಸಾಲುಗಟ್ಟಿ ಅಂಗೈಗೆ ಮುತ್ತಿಟ್ಟರು. ನಾನೇ ಅಲ್ಲಿ ನಿಂತ ಹಾಗೆ ಅನಿಸಿತು. ಮನೆಗೆ ಬಂದ ಮೇಲೆ ಏನೋ ಖಾಲಿ." ಅದೇ ವಾರದ ಇನ್ನೊಂದು: "ಗುರುವಾರ. ಅಕ್ಕನ ಮಗುವಿಗೆ ವಾಂತಿ. ರಾತ್ರಿಯೆಲ್ಲ ಹೆಗಲ ಮೇಲೆ ಹಾಕಿಕೊಂಡು ಓಡಾಡಿದೆ. ನಿದ್ದೆ ಇಲ್ಲ, ಆದರೂ ಹಗುರ." ಬರೆದಾಗ ಇವುಗಳಲ್ಲಿ ಏನೂ ಕಾಣಲಿಲ್ಲ. ಸೆಮಿನರಿಯ ಮೂರನೇ ವರ್ಷ ಪುಟ ತಿರುಗಿಸಿದಾಗ ಇಂಥವು ಹತ್ತಿಪ್ಪತ್ತು ಸಿಕ್ಕವು. ನಾನು ಮೆಚ್ಚಿದ್ದು ಪೀಠವನ್ನಲ್ಲ, ಪೀಠಕ್ಕೆ ಸಿಗುವ ಮರ್ಯಾದೆಯನ್ನು. ನನ್ನ ಜೊತೆಯವನೊಬ್ಬನ ನೋಟ್‌ಬುಕ್ ಇದಕ್ಕೆ ತದ್ವಿರುದ್ಧ. ಆಸ್ಪತ್ರೆಯಲ್ಲಿ ಸಾಯುವವರ ಪಕ್ಕ ಕೂತು ಜಪಸರ ಹೇಳಿದ ದಿನಗಳೆಲ್ಲ ಅವನಿಗೆ ಹಗುರದ ದಿನಗಳು. ಅವನು ಈಗ ಗುರು, ಒಳ್ಳೆಯ ಗುರು.

ಒಂದೆರಡು ದಿನದ ಉತ್ಸಾಹವನ್ನಾಗಲಿ ಬೇಸರವನ್ನಾಗಲಿ ಲೆಕ್ಕಕ್ಕೆ ಹಿಡಿಯಬೇಡಿ. ಆರು ತಿಂಗಳಾದರೂ ಬರೆದು, ಆಮೇಲೆ ಒಂದೇ ಕೂರಿಕೆಯಲ್ಲಿ ಓದಿ.

ಮೂರನೇ ಹೆಜ್ಜೆ: ಒಬ್ಬ ಏಲಿಯನ್ನು ಹುಡುಕಿ

ಬೈಬಲಿನ ಕಥೆಯಲ್ಲಿ ಬಾಲಕ ಸಮುವೇಲನಿಗೆ ಮೂರು ಸಲ ಕರೆ ಕೇಳಿಸಿತು. ಮೂರು ಸಲವೂ ಅದು ಮುದಿ ಯಾಜಕ ಏಲಿಯ ದನಿ ಎಂದುಕೊಂಡು ಎದ್ದು ಓಡಿದ. ಕರೆದವರು ದೇವರು ಎಂದು ಗುರುತಿಸಿದ್ದು ಏಲಿ, ಅದೂ ಮೂರನೇ ಸಲಕ್ಕೆ. ದೇವರ ದನಿ ಕೇಳಿಸಿಕೊಂಡವನಿಗೇ ಅದು ಯಾರದೆಂದು ತಿಳಿಯಲು ಇನ್ನೊಬ್ಬರು ಬೇಕಾಯಿತು.

ನಿಮ್ಮ ಏಲಿ ಒಬ್ಬ ಫಾದರ್ ಆಗಿರಬಹುದು, ಸಿಸ್ಟರ್ ಆಗಿರಬಹುದು, ಪ್ರಾರ್ಥನೆಯಲ್ಲಿ ಪಳಗಿದ ಗೃಹಸ್ಥರೂ ಆಗಿರಬಹುದು. ನನ್ನದೊಂದು ಕಿವಿಮಾತು: ಯಾವುದಾದರೂ ಸನ್ಯಾಸಿ ಸಭೆಗೆ ಅಭ್ಯರ್ಥಿಗಳನ್ನು ಸೇರಿಸುವ ಹೊಣೆ ಹೊತ್ತವರೇ ನಿಮ್ಮ ಏಕಮಾತ್ರ ಮಾರ್ಗದರ್ಶಕರಾಗುವುದು ಬೇಡ. ಅವರು ಒಳ್ಳೆಯವರೇ, ಆದರೆ ಅವರಿಗೆ ಒಂದು ಉತ್ತರ ಬೇಕಿರುತ್ತದೆ. ನಿಮ್ಮಿಂದ ಏನೂ ಬೇಕಿಲ್ಲದವರನ್ನು ಹುಡುಕಿ, ತಿಂಗಳಿಗೊಮ್ಮೆ ಒಂದು ಗಂಟೆ ಸಮಯ ಕೇಳಿಕೊಳ್ಳಿ. ಹೋದಾಗ ಹೇಳಲು ನಾಚಿಕೆಯಾಗುವುದನ್ನೇ ಮೊದಲು ಹೇಳಿ: ದೇಹದ ಆಸೆಗಳು, ಮೊಬೈಲಿನಲ್ಲಿ ನೋಡುವುದು, ಮನೆಯ ಸಾಲ, ಹಿಂದೆ ಆದ ಗಾಯ. ಇವನ್ನು ಮುಚ್ಚಿಟ್ಟು ಸೆಮಿನರಿಗೆ ಹೋದರೂ ಮದುವೆಯಾದರೂ ಅವು ಟ್ರಂಕಿನ ಜೊತೆಗೇ ಬರುತ್ತವೆ.

ನಾಲ್ಕನೇ ಹೆಜ್ಜೆ: ಮಂಗಳವಾರ ಹೋಗಿ ನೋಡಿ

ತಮ್ಮ ಹಿಂದೆಯೇ ನಡೆದುಬಂದ ಇಬ್ಬರು ಶಿಷ್ಯರಿಗೆ ಯೇಸುಸ್ವಾಮಿ ಪಾಠ ಹೇಳಲಿಲ್ಲ. ಬಂದು ನೋಡಿ ಅಂದರು, ಶಿಷ್ಯರು ಆ ದಿನ ಅವರ ಜೊತೆಗೇ ಉಳಿದರು. ಪರೀಕ್ಷೆ ಮುಗಿದ ಬೇಸಿಗೆ ರಜೆಯಲ್ಲಿ ಧರ್ಮಕ್ಷೇತ್ರಗಳೂ (ಒಬ್ಬ ಬಿಷಪರ ಆಡಳಿತದ ಪ್ರದೇಶ) ಗುರುಸಭೆಗಳೂ ನಡೆಸುವ ಶಿಬಿರಗಳಿಗೆ ಹೋಗಿ. ಆದರೆ ಶಿಬಿರದಲ್ಲಿ ಹಾಡು, ಆಟ, ಒಳ್ಳೆಯ ಊಟ ಇರುತ್ತದೆ, ಅದು ನಿಜವಾದ ದಿನಚರಿಯಲ್ಲ. ಹಬ್ಬವಿಲ್ಲದ ವಾರದಲ್ಲಿ ಒಂದು ಸಣ್ಣ ಊರಿನ ಗುರುನಿವಾಸದಲ್ಲಿ ಮೂರು ದಿನ ಇರಲು ಫಾದರನ್ನು ಕೇಳಿ. ಸಂಜೆ ಏಳಕ್ಕೆ ಬಂದವರೆಲ್ಲ ಹೋದಮೇಲೆ, ಒಬ್ಬರೇ ಅನ್ನ-ಸಾರು ಬಿಸಿಮಾಡಿಕೊಂಡು ಉಣ್ಣುವಾಗ ಆ ಮನೆ ಎಷ್ಟು ನಿಶ್ಶಬ್ದವಾಗಿರುತ್ತದೆ ನೋಡಿ. ಆ ನಿಶ್ಶಬ್ದದಲ್ಲಿ ನಿಮಗೆ ಉಸಿರು ಕಟ್ಟಿತೋ, ಇಲ್ಲ ಯಾರೋ ಜೊತೆಗಿದ್ದಾರೆ ಅನಿಸಿತೋ?

ಮದುವೆಯನ್ನೂ ಹಾಗೇ ನೋಡಿ. ಹಾಸಿಗೆ ಹಿಡಿದ ಅತ್ತೆಯನ್ನೋ ವಿಶೇಷ ಅಗತ್ಯವಿರುವ ಮಗುವನ್ನೋ ನೋಡಿಕೊಳ್ಳುವ ಒಂದು ಮನೆಗೆ ವಾರದ ಮಧ್ಯೆ ಹೋಗಿ, ಕೈಲಾದ ಕೆಲಸ ಮಾಡಿಕೊಡಿ. ಗಂಡ-ಹೆಂಡತಿ ಸುಸ್ತಾದಾಗ ಒಬ್ಬರ ಜೊತೆ ಒಬ್ಬರು ಹೇಗೆ ಮಾತಾಡುತ್ತಾರೆ ಕೇಳಿಸಿಕೊಳ್ಳಿ.

ಸೆಮಿನರಿ, ಕಾನ್ವೆಂಟಿನ ಕಡೆ ಮನಸ್ಸು ವಾಲಿದರೆ

ಧರ್ಮಕ್ಷೇತ್ರದ ಗುರುವಾಗುವುದು ಬೇರೆ, ಗುರುಸಭೆ ಸೇರುವುದು ಬೇರೆ. ಧರ್ಮಕ್ಷೇತ್ರದ ಗುರುಗಳು ಬಿಷಪರಿಗೆ ವಿಧೇಯರಾಗಿ, ಬ್ರಹ್ಮಚಾರಿಗಳಾಗಿ ಇರುವುದಾಗಿ ಮಾತು ಕೊಡುತ್ತಾರೆ. ಯೇಸುಸಭೆ, ಕಪುಚಿನ್, ಸಲೇಷಿಯನ್ ಮುಂತಾದ ಸಭೆಗಳವರು ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತ ತೊಟ್ಟು ಸಮುದಾಯವಾಗಿ ಬಾಳುತ್ತಾರೆ. ಒಂಟಿ ಗುರುನಿವಾಸ ನಿಮಗೆ ಉಸಿರು ಕಟ್ಟಿಸಿದ್ದರೆ ಈ ವ್ಯತ್ಯಾಸ ಮುಖ್ಯವಾಗುತ್ತದೆ.

ತರಬೇತಿ ಉದ್ದ. ಮೊದಲು ಕಿರಿಯ ಸೆಮಿನರಿ, ಆಮೇಲೆ ಕನಿಷ್ಠ 2 ವರ್ಷ ತತ್ವಶಾಸ್ತ್ರ, 4 ವರ್ಷ ದೈವಶಾಸ್ತ್ರ, ನಡುವೆ ಧರ್ಮಕೇಂದ್ರದಲ್ಲಿ ಕೆಲಸದ ಅನುಭವ. ಒಟ್ಟು ಹತ್ತು ವರ್ಷದ ಮೇಲೆಯೇ ಆಗಬಹುದು. ಬೆಂಗಳೂರಿನ ಮಲ್ಲೇಶ್ವರದ ಸಂತ ಪೇತ್ರರ ಗುರುಮಠ, 1879ರಲ್ಲಿ ಶುರುವಾದ ಮಂಗಳೂರು ಜೆಪ್ಪುವಿನ ಸಂತ ಜೋಸೆಫರ ಗುರುಮಠ ನಮ್ಮಲ್ಲಿ ಹೆಸರಾದವು. 23 ತುಂಬದೆ ಡೀಕನ್ (ಗುರುವಾಗುವ ಮುಂಚಿನ ಮೆಟ್ಟಿಲು) ದೀಕ್ಷೆಯಿಲ್ಲ, 25 ತುಂಬದೆ ಗುರುದೀಕ್ಷೆಯಿಲ್ಲ, ಎರಡರ ನಡುವೆ ಆರು ತಿಂಗಳಾದರೂ ಇರಬೇಕು. ಸೇರುವಾಗ ಜ್ಞಾನಸ್ನಾನ ಮತ್ತು ದೃಢೀಕರಣ ಎಂಬ ಸಂಸ್ಕಾರಗಳ ಪ್ರಮಾಣಪತ್ರ, ಅಂಕಪಟ್ಟಿ, ಧರ್ಮಕೇಂದ್ರದ ವಿಚಾರಣಾ ಗುರುಗಳ ಪತ್ರ, ವೈದ್ಯರ ವರದಿ ಕೇಳುತ್ತಾರೆ.

ಹುಡುಗಿಯರಿಗೆ, ಮತ್ತು ಗುರುದೀಕ್ಷೆಯಿಲ್ಲದೆ ಬ್ರದರ್ ಆಗಿ ವ್ರತ ತೊಡುವವರಿಗೆ, ನವದೀಕ್ಷಾ ಕಾಲ (ವ್ರತ ತೊಡುವ ಮುಂಚಿನ ತರಬೇತಿ) ಕನಿಷ್ಠ 12 ತಿಂಗಳು, ಅದಕ್ಕೆ 17 ತುಂಬಿರಬೇಕು. ಆಮೇಲೆ 3ರಿಂದ 6 ವರ್ಷ ತಾತ್ಕಾಲಿಕ ವ್ರತ, ಅವಧಿ ಮುಗಿದಾಗ ಹೊರಡಲು ಸ್ವಾತಂತ್ರ್ಯ ಉಂಟು. ಶಾಶ್ವತ ವ್ರತಕ್ಕೆ 21 ತುಂಬಿರಬೇಕು. ಧರ್ಮಸಭೆ ಇಷ್ಟು ನಿಧಾನ ಮಾಡುವುದು ನಿಮ್ಮ ಮೇಲಿನ ಸಂಶಯದಿಂದಲ್ಲ, ನಿಮ್ಮ ಸ್ವಾತಂತ್ರ್ಯದ ಮೇಲಿನ ಗೌರವದಿಂದ.

ಮದುವೆಯ ಕಡೆ ವಾಲಿದರೆ

ಇಲ್ಲಿ ಕರೆಯ ರೂಪ ಬದಲಾಗುತ್ತದೆ. ದೇವರು ನಿಮ್ಮನ್ನು 'ಮದುವೆ' ಎಂಬ ಸಂಸ್ಥೆಗೆ ಕರೆಯುವುದಿಲ್ಲ, ಒಬ್ಬ ವ್ಯಕ್ತಿಯ ಕಡೆಗೆ ಕರೆಯುತ್ತಾರೆ. ನಮ್ಮ ಮನೆಗಳಲ್ಲಿ ಜಾತಿ ನೋಡುತ್ತಾರೆ (ಹೌದು, ಕ್ರೈಸ್ತರಲ್ಲೂ ನೋಡುತ್ತಾರೆ, ಅದನ್ನು ಬಿಡುವ ಕಾಲ ಯಾವತ್ತೋ ಬಂದಿದೆ), ಸಂಬಳ ನೋಡುತ್ತಾರೆ, ಗಲ್ಫಿನ ವೀಸಾ ನೋಡುತ್ತಾರೆ. ಹುಡುಗ-ಹುಡುಗಿ ಕೂತು ಮಾತಾಡುವುದು ಮಾತ್ರ ಅರ್ಧ ಗಂಟೆ.

ನಿಶ್ಚಿತಾರ್ಥಕ್ಕೆ ಮುಂಚೆ ಇಷ್ಟನ್ನಾದರೂ ಮಾತಾಡಿಕೊಳ್ಳಿ: ಮಕ್ಕಳು ಬೇಕೇ, ಆಗದಿದ್ದರೆ ಏನು? ಯಾರ ತಂದೆ-ತಾಯಿ ಯಾರ ಜೊತೆ ಇರುತ್ತಾರೆ? ಸಾಲ ಎಷ್ಟಿದೆ? ಕೋಪ ಬಂದರೆ ನೀನು ಏನು ಮಾಡುತ್ತೀಯ? ಒಟ್ಟಿಗೆ ಪ್ರಾರ್ಥನೆ ಮಾಡೋಣವಾ? ಕೊನೆಯದನ್ನು ಕೇಳಿ ಬಿಡಬೇಡಿ, ಆವತ್ತೇ ಒಂದು 'ಪರಲೋಕದಲ್ಲಿರುವ ನಮ್ಮ ತಂದೆಯೇ' ಹೇಳಿ. ಆ ಎರಡು ನಿಮಿಷದಲ್ಲಿ ತಿಳಿಯುವಷ್ಟು ಎರಡು ತಿಂಗಳ ಚಾಟಿಂಗಿನಲ್ಲಿ ತಿಳಿಯುವುದಿಲ್ಲ.

ಕಾಗದಪತ್ರದ ಮಾತು ಚುಟುಕಾಗಿ: ದೇಶದ ಕಾನೂನಿನಂತೆ ಗಂಡಿಗೆ 21, ಹೆಣ್ಣಿಗೆ 18 ತುಂಬಿರಬೇಕು. ಎರಡೂ ಕಡೆಯ ಜ್ಞಾನಸ್ನಾನದ ಪತ್ರ, ಬೇರೆ ಮದುವೆಯ ಬಂಧನವಿಲ್ಲ ಎಂಬ ಪತ್ರ, ತರಬೇತಿಯ ಪ್ರಮಾಣಪತ್ರ ಬೇಕು. ಚರ್ಚಿನಲ್ಲಿ ಮದುವೆಯ ಪ್ರಕಟಣೆ ಓದುತ್ತಾರೆ. ಸಂಗಾತಿ ಬೇರೆ ಧರ್ಮದವರಾದರೆ ಬಿಷಪರ ವಿಶೇಷ ಅನುಮತಿ ಬೇಕು, ತಿಂಗಳುಗಳ ಮುಂಚೆ ಕೇಳಿ. ಗುರುಗಳ ಮುಂದೆ, ಇಬ್ಬರು ಸಾಕ್ಷಿಗಳ ಎದುರು ಮದುವೆ. ಆದರೆ ಈ ಸಂಸ್ಕಾರವನ್ನು ನೆರವೇರಿಸುವುದು ನೀವಿಬ್ಬರೂ ಕೊಡುವ ಒಪ್ಪಿಗೆ. ಅದನ್ನು ನಿಮ್ಮ ಬದಲಿಗೆ ಯಾರೂ ಕೊಡಲಾರರು.

ಈಗ ಆ ಹುಡುಗ. ನಾನು ಅವನಿಗೆ ಉತ್ತರ ಹೇಳಲಿಲ್ಲ. "ಇದು ಅವಳಿಗೆ ಗೊತ್ತಾ?" ಎಂದು ಕೇಳಿದೆ. ಇಲ್ಲ ಅಂದ. ಆ ರಾತ್ರಿಯೇ ಹೇಳಿದ. ಅವಳು ಅತ್ತಳು, ಆಮೇಲೆ ದೊಡ್ಡವರಿಗಿಂತ ದೊಡ್ಡ ಮಾತಾಡಿದಳು: "ಅರ್ಧ ಮನಸ್ಸಿನ ಗಂಡ ನಂಗೆ ಬೇಡ. ಹೋಗಿ ತಿಳ್ಕೊಂಡು ಬಾ." ಮದುವೆ ಮುಂದೆ ಹೋಯಿತು. ಮಂಟಪದ ಮುಂಗಡ ಹೋಯಿತು, ನೆಂಟರು ಬಾಯಿಗೆ ಬಂದಂತೆ ಆಡಿದರು. ಅವನು ಎಂಟು ದಿನ ಧ್ಯಾನಕೂಟದಲ್ಲಿದ್ದು, ಮೂರು ತಿಂಗಳು ನಮ್ಮ ಫಾದರ್ ಹತ್ತಿರ ಹೋಗಿಬಂದ. ಕೊನೆಗೆ ಅವನಿಗೆ ಸಿಕ್ಕಿದ್ದು ಇದು: ಸೆಮಿನರಿಯ ಆಸೆ ಸುಳ್ಳಲ್ಲ, ಅದು ದೇವರಿಗೆ ಪೂರ್ತಿ ಸಲ್ಲಬೇಕೆಂಬ ಆಸೆ, ಮತ್ತು ಅದಕ್ಕೆ ಆ ಹುಡುಗಿ ಅಡ್ಡಿಯಲ್ಲ. ಈಸ್ಟರ್ ಆದಮೇಲೆ ಅವರ ಮದುವೆಯಾಯಿತು.

ಸಿಎಸ್‌ಐ, ಮೆಥೋಡಿಸ್ಟ್ ಓದುಗರಿಗೆ

ನಿಮ್ಮ ಪ್ರೊಟೆಸ್ಟಂಟ್ ಸಭೆಗಳಲ್ಲಿ ಪ್ರಶ್ನೆ 'ಇದೋ ಅದೋ' ಎಂದಿಲ್ಲ. ಸುಧಾರಕ ಮಾರ್ಟಿನ್ ಲೂಥರ್ 1525ರಲ್ಲಿ ಮಠ ಬಿಟ್ಟುಬಂದ ಕತರೀನಾ ಅವರನ್ನು ಮದುವೆಯಾದಂದಿನಿಂದ ಸಭಾಪಾಲಕರ ಮನೆಯೂ ಒಂದು ಸಂಸಾರವೇ. 1947ರಲ್ಲಿ ರೂಪುಗೊಂಡ ದಕ್ಷಿಣ ಇಂಡಿಯಾ ಸಭೆಯಲ್ಲಿ (ಸಿಎಸ್‌ಐ) ಮಹಿಳೆಯರಿಗೂ ದೀಕ್ಷೆ ಉಂಟು. ಮೇಲಿನ ಹೆಜ್ಜೆಗಳೆಲ್ಲ ನಿಮಗೂ ಹೊಂದುತ್ತವೆ, ಒಂದನ್ನು ಮಾತ್ರ ಸೇರಿಸಿಕೊಳ್ಳಿ: ಮದುವೆಗೆ ಮುಂಚೆಯೇ ಸಂಗಾತಿಗೆ ವರ್ಗಾವಣೆ, ಕಡಿಮೆ ಸಂಬಳ, ಹೊತ್ತಿಲ್ಲದ ಹೊತ್ತಿನಲ್ಲಿ ಬಾಗಿಲು ಬಡಿಯುವ ಜನ, ಇವೆಲ್ಲದರ ಬಗ್ಗೆ ಬಿಡಿಸಿ ಹೇಳಿ. ಕರೆ ಒಬ್ಬರಿಗೆ ಬಂದರೂ ಮನೆಯ ಬಾಗಿಲು ತೆರೆಯುವವರು ಇಬ್ಬರು.

ನಿರ್ಧಾರದ ದಿನ

ಒಂದು ದಿನಾಂಕ ಇಟ್ಟುಕೊಳ್ಳಿ, ಇಲ್ಲದಿದ್ದರೆ ಇದು ಮೂವತ್ತೈದರವರೆಗೂ ಎಳೆಯುತ್ತದೆ. ಆ ದಿನ ನೋಟ್‌ಬುಕ್ ಪೂರ್ತಿ ಓದಿ. ಇಗ್ನೇಷಿಯಸ್ ಕಲಿಸಿದ ಎರಡು ಉಪಾಯ ಬಳಸಿ. ನಿಮಗೆ ಪರಿಚಯವೇ ಇಲ್ಲದ, ಆದರೆ ಒಳ್ಳೆಯದಾಗಲಿ ಎಂದು ನೀವು ಬಯಸುವ ಒಬ್ಬರು ಇದೇ ಪ್ರಶ್ನೆ ಹೊತ್ತು ಬಂದರೆ ಏನು ಹೇಳುತ್ತೀರಿ? ಸಾಯುವ ಗಳಿಗೆಯಲ್ಲಿ ಹಿಂದಿರುಗಿ ನೋಡಿದರೆ ಈ ದಿನ ಯಾವುದನ್ನು ಆರಿಸಿರಬೇಕಿತ್ತು ಅನಿಸುತ್ತದೆ? ಬಂದ ಉತ್ತರವನ್ನು ದೇವರ ಮುಂದಿಟ್ಟು ಎರಡು ವಾರ ಯಾರಿಗೂ ಹೇಳದೆ ಅದರಂತೆ ಬದುಕಿ. ಒಳಗೆ ನೆಮ್ಮದಿ ಉಳಿದರೆ ಏಲಿಗೆ ಹೇಳಿ, ಆಮೇಲೆ ಮನೆಯವರಿಗೆ.

ಎರಡೂ ಕಡೆ ಬಾಗಿಲು ತೆರೆಯದವರೂ ಇದ್ದಾರೆ. ಒಂಟಿಯಾಗಿ, ಶಾಲೆಯಲ್ಲೋ ಆಸ್ಪತ್ರೆಯಲ್ಲೋ ದುಡಿಯುತ್ತಾ ದೇವರಿಗೆ ಪೂರ್ತಿ ಸಂದವರನ್ನು ನಾನು ಬಲ್ಲೆ. 'ಯಾವಾಗ ಊಟ ಹಾಕಿಸ್ತೀಯ' ಎಂದು ದಯವಿಟ್ಟು ಅವರನ್ನು ಪೀಡಿಸಬೇಡಿ.

ಹೊರಬರಬೇಕಾದರೆ

ಸಂತ ತೆರೇಸಾ ಅವರ ಅಕ್ಕ ಲೆಯೋನಿ ಮೂರು ಸಲ ಕಾನ್ವೆಂಟ್ ಸೇರಿ ಮೂರು ಸಲವೂ ಹೊರಬಂದರು. 1899ರಲ್ಲಿ ನಾಲ್ಕನೇ ಸಲ ಸೇರಿ, 1941ರಲ್ಲಿ ಸಾಯುವವರೆಗೂ ಅಲ್ಲೇ ಉಳಿದರು. 2015ರಲ್ಲಿ ಅವರನ್ನೂ ಸಂತರ ಸಾಲಿಗೆ ಸೇರಿಸುವ ವಿಚಾರಣೆ ಶುರುವಾಯಿತು. ಮೂರನೇ ಸಲ ಹೊರಬಂದ ದಿನ ಅವರನ್ನು ಕಂಡವರು ಏನಂದುಕೊಂಡಿರಬಹುದು?

ನಾನು ಟ್ರಂಕು ಹೊತ್ತು ಮನೆಗೆ ಬಂದಾಗ ಅವ್ವ ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ತಲೆಯೆತ್ತಿ ನೋಡಿದಳು, ಮತ್ತೆ ಕೇರಿದಳು. ಒಂದು ಮಾತಿಲ್ಲ. ರಾತ್ರಿ ಊಟಕ್ಕೆ ಬಡಿಸಿ ಪಕ್ಕದಲ್ಲಿ ಕೂತಳು. "ಹರಕೆ ನಂದು ಕಣಪ್ಪ, ನಿಂದಲ್ಲ" ಅಂದಳು. ಮುಂದಿನ ಭಾನುವಾರ ಚರ್ಚಿಗೆ ನನ್ನ ಪಕ್ಕದಲ್ಲೇ ನಡೆದು ಬಂದಳು, ಊರೆಲ್ಲ ನೋಡುತ್ತಿರುವಾಗ. ಮಕ್ಕಳು ಹೊರಬಂದ ಮನೆಯವರೇ, ದಯವಿಟ್ಟು ಅಷ್ಟು ಮಾಡಿ.

ಕೊನೆಯದಾಗಿ, ದಾರಿ ಹಿಡಿದ ಮೇಲೂ ಅನುಮಾನ ಬರುತ್ತದೆ. ಮನಸ್ಸು ಒಣಗಿರುವಾಗ, ಕತ್ತಲೆ ಕವಿದಿರುವಾಗ, ಬೆಳಕಿದ್ದಾಗ ಮಾಡಿದ ನಿರ್ಧಾರವನ್ನು ಬದಲಿಸಬಾರದು ಎನ್ನುವುದು ಇಗ್ನೇಷಿಯಸರ ನಿಯಮ. ನಮ್ಮ ಮದುವೆಯಾದ ಮೂರನೇ ವರ್ಷ, ಮಗಳಿಗೆ ಜ್ವರ, ಹೆಂಡತಿಗೆ ರಾತ್ರಿ ಪಾಳಿ, ನನಗೆ ಮೂರು ದಿನದಿಂದ ನಿದ್ದೆಯಿಲ್ಲ. ಸೆಮಿನರಿಯ ತಣ್ಣನೆಯ ಪ್ರಾರ್ಥನಾಲಯ ಕಣ್ಣಿಗೆ ಕಟ್ಟಿತು. ತಡೆಯಲಾರದೆ ಹನ್ನೊಂದು ಗಂಟೆಗೆ ನನ್ನ ಹಳೆಯ ಮಾರ್ಗದರ್ಶಕ ಗುರುಗಳಿಗೆ ಫೋನ್ ಮಾಡಿ, "ಫಾದರ್, ನಾನು ತಪ್ಪು ಮಾಡಿದ್ನಾ?" ಎಂದು ಕೇಳಿದೆ.

ಆ ಕಡೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಮಗೂಗೆ ಈಗ ಜ್ವರ ಎಷ್ಟಿದೆ?" ಅಂದರು.

"ನೂರಾ ಎರಡು."

"ಹಾಗಾದ್ರೆ ಫೋನ್ ಇಡು. ಹಣೆಗೆ ಒದ್ದೆ ಬಟ್ಟೆ ಹಾಕು. ನಾನೂ ಎದ್ದಿರ್ತೀನಿ."